ಮಗಳ ಉಡುಗೊರೆಗೆ ಅಪ್ಪನ ಮುಯ್ಯಿ

ನಿಮ್ಮ ತಂದೆಗೆ ನೀವು ಕೊನೆಯ ಬಾರಿ ಕೊಟ್ಟ ಉಡುಗೊರೆ ಈಗ ಎಲ್ಲಿದೆ ಎಂದು ಹೇಳಬಲ್ಲಿರಾ? ಕೊಂಡ ಅಂಗಡಿ, ಸುತ್ತಿಸಿದ ಕಾಗದದ ಬಣ್ಣ, ಕೊಡುವಾಗ ತೆಗೆಸಿಕೊಂಡ ಫೋಟೊ ಎಲ್ಲವೂ ನಿಮಗೆ ನೆನಪಿರಬಹುದು. ನಾನು ಕೇಳುತ್ತಿರುವುದು ಅದನ್ನಲ್ಲ. ಆ ವಸ್ತು ಈ ಹೊತ್ತು ಯಾರ ಮೈಮೇಲಿದೆ, ಯಾವ ಗೂಟಕ್ಕೆ ನೇತುಬಿದ್ದಿದೆ, ಯಾವ ಪೆಟ್ಟಿಗೆಯ ತಳದಲ್ಲಿದೆ?

ನನಗೆ ಈ ಪ್ರಶ್ನೆಯ ಉತ್ತರ ದೊರೆತದ್ದು ನೆಂಟರೊಬ್ಬರ ಮದುವೆ ನಡೆದ ಸಂತೆಮರಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ. ಚಾಮರಾಜನಗರದ ಕೈಮಗ್ಗದ ಮೇಳದಲ್ಲಿ ಅರ್ಧ ದಿನ ಅಲೆದು, ಬೂದಿ ಬಣ್ಣದ, ಸಣ್ಣ ಹಸಿರು ಅಂಚಿನ ಒಂದು ಶಾಲನ್ನು ಅಪ್ಪನಿಗೆಂದು ಆರಿಸಿ ತಂದಿದ್ದೆ. ಹಂಗಳದ ಕಡೆಯ ನಮ್ಮ ಊರು ಕಾಡಿನ ಅಂಚಿನದು. ಅಲ್ಲಿನ ಬೆಳಗಿನ ಚಳಿಗೆ ಅದು ಆಗಲಿ ಎಂಬುದು ನನ್ನ ಲೆಕ್ಕ. ಆ ಶಾಲು ಮಂಟಪದಲ್ಲಿ ಗಂಡಿನ ತಂದೆಯ ಹೆಗಲ ಮೇಲಿತ್ತು. ಪಕ್ಕದಲ್ಲೇ ಕುಳಿತಿದ್ದ ಅಪ್ಪನನ್ನು ನೋಡಿದೆ. ಅವರ ಮುಖದಲ್ಲಿ ಮುಜುಗರವಿರಲಿಲ್ಲ, ತೃಪ್ತಿಯಿತ್ತು.

"ನೀನ್ ಕೊಟ್ಟಿದ್ದೇ ಕಣವ್ವ," ಎಂದರು. "ಮನೇಲಿ ಅದ್ಕಿಂತ ಚೆನ್ನಾಗಿರದು ಯಾವ್ದಿತ್ತು? ನಿನ್ ತಮ್ಮನ್ ಮದ್ವೇಲಿ ಅವ್ರು ನಂಗೆ ಕಂಬ್ಳಿ ಹೊದ್ಸಿದ್ರು. ಅದ್ಕೆ ಮುಯ್ಯಿ ತೀರ್ಸ್ಬ್ಯಾಡ್ವಾ?"

ನಮ್ಮ ಕಡೆಯ ಮುಯ್ಯಿಯ ಪದ್ಧತಿಯನ್ನು ಅರಿಯದ ಓದುಗರಿಗಾಗಿ ಒಂದು ಮಾತು. ಒಂದು ಮನೆಯ ಶುಭಕಾರ್ಯಕ್ಕೆ ಇನ್ನೊಂದು ಮನೆಯವರು ತಂದು ಕೊಡುವ ಕಾಣಿಕೆ ಮುಯ್ಯಿ. ಕೊಟ್ಟವರ ಮನೆಯಲ್ಲಿ ಕಾರ್ಯ ನಡೆದಾಗ ಅಷ್ಟನ್ನೇ, ಸಾಧ್ಯವಾದರೆ ಒಂದು ಹಿಡಿ ಹೆಚ್ಚಾಗಿ, ಹಿಂದಿರುಗಿಸಬೇಕು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನನ್ನನ್ನು ತಯಾರು ಮಾಡಿದ ಗುರುಗಳು, ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ನೀನೇ ಮೊದಲು ಹೇಳು ಎನ್ನುತ್ತಿದ್ದರು. ಹಾಗಾಗಿ ಹೇಳುತ್ತೇನೆ: ಕೈಯಲ್ಲಿ ಏನೂ ಇಲ್ಲದ ಮನೆಯೂ ಮದುವೆ ಮಾಡಿ ಮುಗಿಸಲು ಸಾಧ್ಯವಾದದ್ದು ಮುಯ್ಯಿಯಿಂದ. ಅದು ಬಡವರು ತಮ್ಮ ತಮ್ಮಲ್ಲೇ ಕಟ್ಟಿಕೊಂಡ ಆಸರೆ. ಇಷ್ಟನ್ನು ಒಪ್ಪಿಕೊಂಡ ಮೇಲೂ ನಾನು ಅದಕ್ಕೆ ವಿರೋಧಿ. ನಾವು ಕೆಲವು ಹೆಂಗಸರು ಸೇರಿ ಸರಳ ಮದುವೆಯ ಪರವಾಗಿ ಹಳ್ಳಿಗಳಲ್ಲಿ ಮಾತನಾಡುತ್ತ ಬಂದಿದ್ದೇವೆ. ಕೊಟ್ಟದ್ದು ಮರಳಿ ಬರಲೇಬೇಕೆಂದಾದರೆ ಅದು ಪ್ರೀತಿಯಾಗಿ ಉಳಿಯುವುದಿಲ್ಲ ಎಂದು ಎಷ್ಟೋ ಜಗಲಿಗಳ ಮೇಲೆ ನಿಂತು ಹೇಳಿದ್ದೇನೆ. ಜನ ತಲೆದೂಗಿದ್ದಾರೆ. ತಲೆದೂಗದವರು ನನ್ನ ಅಪ್ಪ.

ಅಪ್ಪ ಮುಯ್ಯಿಯನ್ನು ಬೀಗರಿಗೆ, ನೆಂಟರಿಗೆ ಮಾತ್ರ ತೀರಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವರು ಅದನ್ನು ನನಗೂ ತೀರಿಸುತ್ತಿದ್ದರು. ಮದುವೆಯಾಗಿ ಚಾಮರಾಜನಗರಕ್ಕೆ ಬಂದ ಮೇಲೆ ನಾನು ಅವರಿಗೆ ಏನೇ ಕೊಟ್ಟರೂ, ಅದು ಯಾವುದೋ ರೂಪದಲ್ಲಿ ತಿರುಗಿ ನನ್ನ ಮನೆಗೇ ಬಂದು ಸೇರುತ್ತಿತ್ತು. ರಕ್ತದೊತ್ತಡ ನೋಡುವ ಯಂತ್ರ ಕೊಟ್ಟೆ. ಮುಂದಿನ ಭೇಟಿಗೆ ಒಂದು ಹಿತ್ತಾಳೆಯ ಕೊಳಗ ಕಾದಿತ್ತು. ದೊಡ್ಡ ಅಂಕಿಗಳ ಗೋಡೆ ಗಡಿಯಾರ ಕೊಟ್ಟೆ. ಅರಿಶಿನ, ಹುರುಳಿ, ಅವರೆಕಾಯಿ ತುಂಬಿದ ಚೀಲ ಬಂತು. ನಡಿಗೆಗೆ ಒಳ್ಳೆಯದೆಂದು ಬೂಟು ಕೊಟ್ಟೆ. ನನಗೊಂದು ಸೀರೆ ಬಂತು, ಬೂಟು ಡಬ್ಬಿಯ ಸಮೇತ ಅಟ್ಟಕ್ಕೇರಿತು. ಪ್ರತಿ ಸಲವೂ ಅಪ್ಪ ಒಂದೇ ಮಾತು ಹೇಳುತ್ತಿದ್ದರು: "ಚೆನ್ನಾಗದೆ ಕಣವ್ವ, ಬೋ ಚೆನ್ನಾಗದೆ." ಅತಿಥಿಗೆ ಹೇಳುವ ಮಾತು ಅದು.

ಇಷ್ಟಾದರೂ ನಾನು ಸಹಿಸಿಕೊಳ್ಳುತ್ತಿದ್ದೆನೇನೋ. ನನ್ನ ಸಹನೆಯನ್ನು ಕೆಡಿಸಿದ್ದು ಎರಡು ಅಂಗಿಗಳು.

ಅಪ್ಪ, ತಮ್ಮ, ತಮ್ಮನ ಹೆಂಡತಿ ಒಂದೇ ಮನೆಯಲ್ಲಿದ್ದಾರೆ. ಅವ್ವ ತೀರಿಕೊಂಡ ಮೇಲೆ ಆ ಮನೆಯ ಒಳಗು ಹೊರಗು ಎರಡನ್ನೂ ನೋಡಿಕೊಳ್ಳುವವಳು ತಮ್ಮನ ಹೆಂಡತಿ. ಉಮ್ಮತ್ತೂರಿನ ಹುಡುಗಿ. ಹತ್ತನೆಯ ತರಗತಿಗೆ ಓದು ನಿಲ್ಲಿಸಿದವಳು. ಮಾತಿನಲ್ಲಿ ಮಾತ್ರ ಯಾರಿಗೂ ಸೋಲುವವಳಲ್ಲ. ಚೆಂಡುಹೂವಿನ ಕಾಲದ ಒಂದು ಬೆಳಿಗ್ಗೆ ನಾನು ಊರಿಗೆ ಹೋದಾಗ ಅಪ್ಪ ಹೊಲದಲ್ಲಿ ಬಗ್ಗಿ ಹೂ ಕೀಳುತ್ತಿದ್ದರು. ಮೈಮೇಲೆ ಹೊಸ ಅಂಗಿ. ಬದುವಿನ ಮೇಲೆ ನಿಂತಿದ್ದ ಸೊಸೆಯನ್ನು ಅವರು ಬೈಯುತ್ತಿದ್ದರು.

"ಯೋಳ್ದೋರ್ ಯಾರಮ್ಮಿ ನಿಂಗೆ, ಜೇಬ್ನ ಒಳಗಡೆ ಮಡುಗ್ಸು ಅಂತ? ಕೈ ಆಕುದ್ರೆ ಈಚೆಗೆ ಬರಕಿಲ್ಲ."

"ಕೈಯೇ ಬರ್ನಿಲ್ಲ ಅಂದ್ಮೇಲೆ ಫೋನೂ ಬೀಳಕಿಲ್ಲ ಬುಡಿ ಮಾವ."

"ಮ್ಯಾಲೊಂದ್ ಗುಂಡಿ ಬ್ಯಾರೆ. ನಾನೇನ್ ಇಸ್ಕೂಲ್ ಐದ್ನಾ?"

"ಇಸ್ಕೂಲ್ ಐಕ್ಳೇ ವಾಸಿ. ಹೂವ ಬಗ್ಗಿ ಕೀಳ್ತಾ ಕೀಳ್ತಾ ಫೋನ್ನ ಕಾಲ್ವೆಗ್ ಬುಟ್ಟು, ಮನೆಗ್ ಬಂದು ಫೋನೆಲ್ಲಮ್ಮಿ ಅಂತ ನನ್ನ ಕೇಳ್ದೋರು ಯಾರು?"

ಕೇರಳದ ಹೂವಿನ ವ್ಯಾಪಾರಿಗಳು ಬೆಳಿಗ್ಗೆಯೇ ಫೋನ್ ಮಾಡುತ್ತಾರೆ. ಹೊಲದಲ್ಲಿ ಫೋನ್ ಇಲ್ಲದೆ ಅಪ್ಪನಿಗೆ ಆಗುವುದಿಲ್ಲ, ಬಗ್ಗಿದರೆ ಅದು ಮೇಲುಜೇಬಿನಲ್ಲಿ ನಿಲ್ಲುವುದಿಲ್ಲ. ಅದನ್ನು ಕಂಡು ಅವಳು ಅಂಗಿಯ ಒಳಮೈಗೆ ಗುಂಡಿಯಿರುವ ಜೇಬು ಹೊಲಿಸಿದ್ದಳು. ಅಷ್ಟೆ. ಅಪ್ಪ ಬೈಯುತ್ತಲೇ ಆ ಅಂಗಿ ತೊಟ್ಟಿದ್ದರು. ಅದು ಒಗೆಯಲು ಬಿದ್ದರೆ ಅಂಥದೇ ಇನ್ನೊಂದನ್ನು ತೊಡುತ್ತಿದ್ದರು. ಅವಳಿಗೆ ಪ್ರತಿಯಾಗಿ ಏನನ್ನೂ ಕೊಡಲಿಲ್ಲ. ಕೊಡಬೇಕೆಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ.

ನನ್ನನ್ನು ಕಂಡೊಡನೆ ಅವರ ದನಿ ಮೆತ್ತಗಾಯಿತು. "ಬಾವ್ವ. ಬಿಸ್ಲಲ್ ಬಂದೆ. ನೆಳ್ಳಲ್ ಕೂತ್ಕೊ."

ಆ ಕ್ಷಣದಲ್ಲಿ ನನ್ನೊಳಗೆ ಎದ್ದದ್ದಕ್ಕೆ ಗೌರವದ ಹೆಸರು ಕೊಡುವುದು ಸುಳ್ಳಾಗುತ್ತದೆ. ಅದು ಹೊಟ್ಟೆಕಿಚ್ಚು. ನನಗೆ ಕರುಬು ಬಂದದ್ದು ಅಂಗಿಯ ಮೇಲಲ್ಲ, ಬೈಗುಳದ ಮೇಲೆ. ಒಂದು ಕಾಲದಲ್ಲಿ ಆ ಬೈಗುಳ ನನ್ನದಾಗಿತ್ತು, 'ಅಮ್ಮಿ' ಎಂಬ ಕರೆಯೂ ನನ್ನದಾಗಿತ್ತು. ತಾಳಿ ಕಟ್ಟಿಸಿಕೊಂಡು ಹೊಸಿಲು ದಾಟಿದ ದಿನದಿಂದ ನಾನು 'ಅವ್ವ' ಆದೆ, ನೆರಳಿನಲ್ಲಿ ಕೂರಬೇಕಾದವಳಾದೆ. ಎಲ್ಲಿಂದಲೋ ಬಂದ ಇನ್ನೊಬ್ಬರ ಮಗಳು ಬಿಸಿಲಿನಲ್ಲಿ ನಿಂತು ನನ್ನ ಅಪ್ಪನಿಂದ ಬೈಸಿಕೊಳ್ಳುತ್ತಿದ್ದಳು.

ಮಧ್ಯಾಹ್ನ ಹಿತ್ತಲಿನ ತಂತಿಯ ಮೇಲೆ ಒಣಗುತ್ತಿದ್ದ ಎರಡನೆಯ ಅಂಗಿಯನ್ನು ನಾನು ಒಳಹೊರಗು ತಿರುವಿ ನೋಡಿದೆ. ಹೊಲಿಗೆ ಎಲ್ಲಾದರೂ ಬಿಟ್ಟಿದೆಯೇ, ಗುಂಡಿ ಸಡಿಲವಾಗಿದೆಯೇ ಎಂದು ಹುಡುಕಿದೆ. ಬಿಟ್ಟಿರಲಿಲ್ಲ. ಚಾಮರಾಜನಗರಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಅವಳ ವಿರುದ್ಧ ಒಂದು ಸಮರ್ಥವಾದ ವಾದವನ್ನೇ ಕಟ್ಟಿದೆ. ಅವಳು ದಿನವೂ ಅಪ್ಪನ ಕಣ್ಣೆದುರಿಗೆ ಇರುವವಳು, ನಾನು ತಿಂಗಳಿಗೊಮ್ಮೆ ಬರುವವಳು. ಅವಕಾಶದಲ್ಲಿ ಸಮಾನತೆಯಿಲ್ಲದ ಸ್ಪರ್ಧೆಯಲ್ಲಿ ಗೆದ್ದವರ ಗೆಲುವಿಗೆ ನೈತಿಕ ಬೆಲೆಯಿಲ್ಲ. ವಾದ ಚೆನ್ನಾಗಿತ್ತು. ಕೇಳುವವರು ಯಾರೂ ಇರಲಿಲ್ಲ. ಕಿಟಕಿಯ ಆಚೆ ತೆರಕಣಾಂಬಿಯ ಬಾಳೆತೋಟಗಳು ಹಾದುಹೋಗುತ್ತಿದ್ದವು, ನನ್ನ ಕಾಲ ಬಳಿ ಅಪ್ಪ ತುಂಬಿಸಿ ಕಳಿಸಿದ ಚೀಲವಿತ್ತು.

ಆದರೆ ಅಸೂಯೆ ನನಗೆ ಒಂದು ಉಪಕಾರ ಮಾಡಿತು. ನಾನು ಅಂಗಡಿಗಳನ್ನು ನೋಡುವುದನ್ನು ಬಿಟ್ಟು ಅಪ್ಪನನ್ನು ನೋಡಲು ಕಲಿತೆ. ಅಲ್ಲಿಯವರೆಗೆ ನಾನು ಕೊಟ್ಟ ಪ್ರತಿಯೊಂದು ವಸ್ತುವೂ ಅಪ್ಪ ಹೇಗಿರಬೇಕು ಎಂಬುದರ ಬಗೆಗಿನ ನನ್ನ ಅಭಿಪ್ರಾಯವಾಗಿತ್ತು. ಅವರು ಹೇಗಿದ್ದಾರೆ ಎಂಬುದನ್ನು ನಾನು ವಿಚಾರಿಸಿರಲಿಲ್ಲ. ಮುಂದಿನ ರಜೆಗೆ ಹೋಗಿ ಕೆಲವು ದಿನ ಊರಿನಲ್ಲೇ ಉಳಿದೆ. ಹೊಲದ ಬದುವಿನಲ್ಲಿ ಕುಳಿತು ನೋಡಿದೆ. ಆಗ ಸಾಂಬಾರ್ ಈರುಳ್ಳಿಗೆ ಕಳೆ ಕೀಳುವ ಕೆಲಸ ನಡೆದಿತ್ತು. ಕುಕ್ಕರಗಾಲಿನಲ್ಲಿ ಕುಳಿತು, ಕಿತ್ತು, ಹಾಗೆಯೇ ಒಂದು ಹೆಜ್ಜೆ ಮುಂದಕ್ಕೆ ಸರಿಯಬೇಕು. ಅಪ್ಪನಿಗೆ ಸರಿಯುವುದು ಆಗುತ್ತಿರಲಿಲ್ಲ. ಎಡಗೈಯನ್ನು ನೆಲಕ್ಕೆ ಊರಿ, ಮಂಡಿಯನ್ನು ಹಿಡಿದು, ಒಮ್ಮೆ ಪೂರ್ತಿ ಎದ್ದು ನಿಂತು, ಮತ್ತೆ ಕೂರುತ್ತಿದ್ದರು. ಮಣೆ ಹಾಕಿಕೊಂಡರೆ ಪ್ರತಿ ಹೆಜ್ಜೆಗೂ ಅದನ್ನು ಎತ್ತಿ ಇಡಬೇಕು. ಕೈ ತುಂಬ ಕಳೆ ಇದ್ದಾಗ ಅದು ಆಗದ ಕೆಲಸ.

ಸೊಂಟಕ್ಕೆ ಕಟ್ಟಿಕೊಳ್ಳುವ ಒಂದು ಆಸನವಿದ್ದರೆ? ಎದ್ದರೆ ಅದೂ ಏಳಬೇಕು, ಕೂತರೆ ಅದೂ ಕೂರಬೇಕು. ಈ ಯೋಚನೆಯನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ತಮ್ಮನ ಹೆಂಡತಿಯ ಕಿವಿಗೆ ಬಿದ್ದರೆ ನಾಳೆಯೇ ಅವಳು ಹಳೆಯ ದಿಂಬು ಹರಿದು ಹೊಲಿದುಬಿಡುತ್ತಾಳೆಂಬ ಭಯ.

ಗುಂಡ್ಲುಪೇಟೆಯಲ್ಲಿ ಆಟೊ, ಲಾರಿಗಳಿಗೆ ಸೀಟು ಹೊಲಿಯುವ ಒಬ್ಬರ ಅಂಗಡಿಯಿದೆ. ತಂದೆ, ಮಗ ಇಬ್ಬರೂ ಅಲ್ಲೇ ಕೆಲಸ ಮಾಡುತ್ತಾರೆ, ತಮ್ಮಲ್ಲಿ ಉರ್ದುವಿನಲ್ಲಿ ಮಾತನಾಡಿಕೊಳ್ಳುತ್ತಾರೆ. ನಾನು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದಾಗ ಮಗ ನಕ್ಕ.

"ಆಟೊಗೆ ಮಾಡಿದೀವಿ ಮೇಡಂ, ಲಾರಿಗೆ ಮಾಡಿದೀವಿ, ಜೀಪಿಗೆ ಮಾಡಿದೀವಿ. ಮನುಷ್ಯಂಗೆ ಸೀಟು ಹಾಕೋದು ಇದೇ ಫಸ್ಟು. ಯಾರಿಗೆ?"

"ನಮ್ಮ ತಂದೆಯವರಿಗೆ."

"ಹಂಗಾದ್ರೆ ಹಿಂದ್ಗಡೆ ನಂಬರ್ ಪ್ಲೇಟೂ ಬರೆಸಿಬಿಡಿ," ಎಂದು ಅವನ ತಂದೆ ಸೂಜಿಯಿಂದ ತಲೆಯೆತ್ತದೆಯೇ ಹೇಳಿದರು.

ದಪ್ಪ ಸ್ಪಂಜಿನ ಒಂದು ದುಂಡನೆಯ ಮೆತ್ತೆ, ಅದಕ್ಕೆ ಕೆಂಪು ರೆಕ್ಸಿನ್ನಿನ ಹೊದಿಕೆ, ಸೊಂಟಕ್ಕೊಂದು ಪಟ್ಟಿ, ತೊಡೆಗಳಿಗೆ ಒಂದೊಂದು ಕುಣಿಕೆ. ನೋಡಲು ಅದು ಚೆಂದವಾಗಿರಲಿಲ್ಲ. ಅದಕ್ಕೆ ಬಣ್ಣದ ಕಾಗದ ಸುತ್ತಲಿಲ್ಲ, ಮಾತಿನ ಪೀಠಿಕೆಯನ್ನೂ ಹಾಕಲಿಲ್ಲ. ನೇರ ಹೊಲಕ್ಕೆ ತೆಗೆದುಕೊಂಡು ಹೋಗಿ ಅಪ್ಪನ ಪಂಚೆಯ ಮೇಲೆ ಕಟ್ಟಿಯೇಬಿಟ್ಟೆ.

ಅಪ್ಪ ಕೂತರು. ಎದ್ದರು. ಹಿಂದೆ ತಿರುಗಿ ನೋಡಿಕೊಳ್ಳಲು ಹೋದರು. ಅವರು ತಿರುಗಿದರೆ ಅದೂ ತಿರುಗುತ್ತಿತ್ತು. ಕಳೆ ಕೀಳಲು ಬಂದಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಏನಮ್ಮಿ ಇದು," ಎಂದರು ಅಪ್ಪ. "ಓದ್ಸಿದ್ದು ಇದ್ಕಾ ನಿನ್ನ? ನಾಳೆ ನಾನು ರೋಡಿಗೋದ್ರೆ ಕೇರಳದ್ ಟೂರಿಸ್ಟ್‌ಗಳು ಕಾರ್ ನಿಲ್ಲಿಸ್ಕಂಡು ಪೋಟ ತಗಾತರೆ ಕಣಮ್ಮಿ."

ಅವರು ನನ್ನನ್ನು ಅಮ್ಮಿ ಎಂದಿದ್ದರು. ಬೈದಿದ್ದರು. ಬೈದು, ಅದರ ಮೇಲೆಯೇ ಕುಳಿತು ಸಾಲಿನ ಕೊನೆಯವರೆಗೂ ಕಳೆ ಕಿತ್ತರು. ಕೈಯನ್ನು ನೆಲಕ್ಕೆ ಊರಲಿಲ್ಲ. ತಮ್ಮನ ಹೆಂಡತಿ ಬುತ್ತಿ ತಂದವಳು ಬದುವಿನ ಮೇಲೆ ನಿಂತು ನೋಡುತ್ತಿದ್ದಳು. ಅವಳ ಮುಖದಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ನಾನು ಕದ್ದು ನೋಡಿದೆ. ಬದಲಾಗಲಿ ಎಂಬ ಆಸೆಯೂ ಇತ್ತು. ಅವಳು ಬುತ್ತಿ ಇಳಿಸಿ, "ಮಾವ, ಸೀಟ್ ಬೆಲ್ಟ್ ಆಕಂಡಿದ್ದೀರಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ನನಗೆ ಅಂದಿನ ಊಟ ಬಹಳ ರುಚಿಸಿತು.

ಸಂಜೆ ಹೊರಡುವ ಹೊತ್ತಿಗೆ ಜಗಲಿಯ ಮೇಲೆ ಚೀಲ ಕಟ್ಟಿ ಇಟ್ಟಿತ್ತು. ಯಾವಾಗಿನದಕ್ಕಿಂತ ದೊಡ್ಡ ಚೀಲ. ಈರುಳ್ಳಿ, ಬೀನ್ಸು, ಒಂದು ಎಲೆಕೋಸು, ಮೇಲೆ ನೇಂದ್ರ ಬಾಳೆಯ ಒಂದು ಚಿಪ್ಪು. ನನ್ನ ಕಾಲು ಅಲ್ಲೇ ನಿಂತಿತು.

"ಅಪ್ಪ, ಈ ಸಲ ಚೀಲ ಬೇಡ."

"ಯಾಕವ್ವ, ಭಾರ ಆಯ್ತದಾ? ಬಸ್ ಸ್ಟಾಪ್‌ಗಂಟ ಇವ್ಳು ಗಾಡೀಲಿ ತತ್ತಾಳೆ."

ನಾನು ಮತ್ತೆ 'ಅವ್ವ' ಆಗಿದ್ದೆ. "ಭಾರಕ್ಕಲ್ಲ. ನಾನು ಏನ್ ಕೊಟ್ಟರೂ ನೀನು ತಿರುಗಿಸಿ ಕೊಡ್ತೀಯ. ನಾನೇನು ನಿನ್ನ ಬೀಗರಾ?"

"ಬೀಗ್ರ ಮನೇಲಿರೋಳು ತಾನೆ."

"ಅವಳು ಅಂಗಿ ಹೊಲಿಸಿಕೊಟ್ಟಳು. ಅವಳಿಗೆ ನೀನೇನು ಕೊಟ್ಟೆ?"

ಅಪ್ಪ ನಿಜವಾಗಿಯೂ ಆಶ್ಚರ್ಯಪಟ್ಟರು. "ಅವ್ಳಿಗ್ಯಾಕೆ ಕೊಡನ? ಅವ್ಳು ಮನೆಯೋಳಲ್ವಾ?"

ನಾನು ವಾದದ ದಾರಿ ಬದಲಿಸಿ ಹೇಳಿದೆ: "ಚಾಮರಾಜನಗರದಲ್ಲಿ ನಮ್ಮ ಮನೇಲಿ ಯಾರೂ ಏನೂ ಅನ್ನೋದಿಲ್ಲ ಅಪ್ಪ. ದುಡಿದದ್ದನ್ನೆಲ್ಲ ತವರಿಗೆ ಹೊರುತ್ತಾಳೆ ಅಂತ ಯಾರೂ ಆಡಿಲ್ಲ."

"ಆಡಲ್ಲ ಕಣವ್ವ. ನಾನ್ ಕಳಿಸ್ತಾ ಇರದ್ಕೇ ಆಡಲ್ಲ."

"ನೀನು ಕಳಿಸದಿದ್ದರೂ ಆಡೋದಿಲ್ಲ."

"ಇರ್ಬೋದು. ಅದ್ನ ನೋಡಕೆ ನಿನ್ನ ಮುಂದ್ ಮಾಡ್ಕಂಡು ಪರೀಕ್ಸೆ ಮಾಡ್ಲಾ? ನಂಗೆ ಆಗಕಿಲ್ಲ."

ಕಾಲೇಜಿನಲ್ಲಿ ನಾನು ಬಹುಮಾನಗಳನ್ನು ಗೆದ್ದವಳು. ಸಾಬೀತುಪಡಿಸುವ ಹೊಣೆಯನ್ನು ಎದುರಾಳಿಯ ಹೆಗಲಿಗೆ ಹೊರಿಸುವುದು ಹೇಗೆಂದು ಬಲ್ಲವಳು. ಅಪ್ಪ ಅದನ್ನೇ ನನಗೆ ಮಾಡಿದ್ದರು, ಚೀಲದ ಬಾಯನ್ನು ಹುರಿಯಿಂದ ಬಿಗಿಯುತ್ತಲೇ. ನಾನು ಚೀಲ ಮುಟ್ಟದೆ ನಡೆದು ಹೊರಟೆ. ಅಪ್ಪ ಕರೆಯಲಿಲ್ಲ.

ಹಂಗಳದ ದಾರಿಯಲ್ಲಿ ಹಿಂದಿನಿಂದ ಸ್ಕೂಟರ್ ಬಂತು. ತಮ್ಮನ ಹೆಂಡತಿ. ಅವಳ ಕಾಲುಗಳ ನಡುವೆ ಆ ಚೀಲ ಕುಳಿತಿತ್ತು.

"ಅತ್ಕಳಿ ಅಕ್ಕ," ಎಂದಳು. ನಾನು ಹತ್ತಿದೆ. ಸ್ವಲ್ಪ ದೂರ ಹೋದ ಮೇಲೆ ಮುಂದೆ ನೋಡುತ್ತಲೇ ಕೇಳಿದಳು: "ಆ ಅಂಗಿ ಮ್ಯಾಲೆ ನಿಮ್ಗೆ ಅಷ್ಟೊಂದು ಕಣ್ಣಾ?"

ನಾನು ಗಾಳಿಗೆ ಹಾರುತ್ತಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಅವು ಮಾವಂಗೆ ಅಂತ ಒಲ್ಸಿದ್ದಲ್ಲ. ಉಮ್ಮತ್ತೂರ್ಗೆ, ನಮ್ಮಪ್ಪಂಗೆ ಒಲ್ಸಿದ್ದು. ನಮ್ಮಪ್ಪ ಈಸ್ಕಂಡ್ರು, ಆ ವಾರ್ದಲ್ಲೇ ನಂಗೊಂದು ಸೀರೆ ಕಳಿಸ್ಬುಟ್ರು. ಅಂಗಿ ಮಾತ್ರ ತೊಡ್ನೇ ಇಲ್ಲ, ನಮ್ಮಣ್ಣನ್ ಎಂಡ್ತಿ ತಂದ್ಕೊಟ್ಟದ್ನಾದ್ರೆ ತೊಟ್ಕತಾರೆ. ಮಡುಗ್ದ ಕಡೇಲೇ ಮುಗ್ಗು ವಾಸ್ನೆ ಬತ್ತಿತ್ತು. ಸಿಟ್ಟು ಬಂದು ವಾಪಸ್ ತಂದ್ಬುಟ್ಟೆ. ಇಬ್ರದೂ ಒಂದೇ ಅಳ್ತೆ. ಒಳಜೇಬು ಆಮೇಲೆ ಮಾವಂಗೇಂತ ಮಡುಗ್ಸಿದ್ದು."

ರಸ್ತೆಯ ಬದಿಯ ಸೂರ್ಯಕಾಂತಿಗಳು ಬಲಿತು ತಲೆ ಬಾಗಿಸಿ ನಿಂತಿದ್ದವು. ನಾನು ಕರುಬಿದ ವಸ್ತು ಇನ್ನೊಬ್ಬ ತಂದೆ ಬೇಡವೆಂದು ಬದಿಗಿಟ್ಟದ್ದಾಗಿತ್ತು.

"ಮಾವ ಉಂಡ್ಮೇಲಿಂದ ನಿಮ್ ಚೀಲಕ್ಕೆ ಒಂದೊಂದೇ ಗೆಡ್ಡೆ ಆರಿಸ್ತಾ ಕೂತಿದ್ರು," ಎಂದು ಅವಳು ಮುಂದುವರಿಸಿದಳು. "ದಪ್ಪನೇವೆಲ್ಲ ನಿಮ್ಗೆ. ಒಡ್ದಿರವು, ಮೊಳ್ತಿರವು ನಮ್ಗೆ. ನಂಗೂ ಒಟ್ಟೆ ಉರೀತದೆ ಅಕ್ಕ, ನೀವೊಬ್ರೇ ಅನ್ಕಬ್ಯಾಡಿ."

ಬಸ್ ಬರುವುದು ಕಂಡಿತು. ಅವಳು ಚೀಲವನ್ನು ಎತ್ತಿ ನನ್ನ ಕೈಗೆ ಕೊಡಲು ಬಂದಳು. ನಾನು ಕೈ ಹಿಂದಕ್ಕೆ ಸರಿಸಿದೆ.

"ತಗಳಿ," ಎಂದಳು. ಅವಳ ದನಿಯಲ್ಲಿ ಈಗ ತಮಾಷೆಯಿರಲಿಲ್ಲ. "ನೀವು ಇದ್ನ ತಗಳ್ನಿಲ್ಲ ಅಂದ್ರೆ ಮಾವ ನಾಳೆ ಆ ಸೀಟ್ನ ಬಿಚ್ಚಿ ಅಟ್ಟಕ್ಕೆ ಎಸೀತಾರೆ. ಮಗಳ ಮನೇದು ಪುಕ್ಕಟೆ ಬಂತು ಅಂತ ಅದ್ರ ಮ್ಯಾಲೆ ಕೂರದು ಅವ್ರಿಗೆ ಆಗಲ್ಲ. ಮಂಡಿ ನೋವು ಅವ್ರದ್ದು. ನಿಮ್ದಲ್ಲ."

ನಾನು ಚೀಲ ತೆಗೆದುಕೊಂಡೆ. ನನ್ನ ಎಲ್ಲ ತತ್ತ್ವಗಳೂ ಒಂದು ಕಡೆ, ಆ ಮೆತ್ತೆಯ ಮೇಲೆ ಅಪ್ಪ ನಾಳೆಯೂ ಕೂರಬೇಕೆಂಬುದು ಇನ್ನೊಂದು ಕಡೆ. ಕಂಡಕ್ಟರ್ ಚೀಲವನ್ನು ಎಂಜಿನ್ನಿನ ಬಳಿ ಇಡಿ ಎಂದರು. ನಾನು ತೊಡೆಯ ಮೇಲೆಯೇ ಇಟ್ಟುಕೊಂಡೆ. ಬಸ್ಸು ಹೊರಟಾಗ ಹಿಂದೆ ನೋಡಿದೆ. ಅವಳು ಸ್ಕೂಟರ್ ತಿರುಗಿಸಿ ನಮ್ಮ ಮನೆಯ ಕಡೆಗೆ ಹೊರಟಿದ್ದಳು. ಅವಳ ಕಥೆಯನ್ನು ಕೇಳಿದ ಮೇಲೆ ಅಸೂಯೆ ಕರಗಿತು ಎಂದು ಬರೆದರೆ ಓದಲು ಹಿತವಾಗಿರುತ್ತದೆ. ಅದು ಕರಗಲಿಲ್ಲ. ಆ ಸಂಜೆ ಅಪ್ಪನಿಗೆ ಮುದ್ದೆ ಬಡಿಸುವವಳು ಅವಳು, ಉಪ್ಪು ಹೆಚ್ಚಾಯಿತೆಂದು ಬೈಸಿಕೊಳ್ಳುವವಳು ಅವಳು. ನನಗೆ ತಿಳಿದದ್ದು ಇಷ್ಟೇ: ಉಮ್ಮತ್ತೂರಿನಲ್ಲಿ ಅವಳ ಅಣ್ಣನ ಹೆಂಡತಿಯನ್ನು ನೋಡುತ್ತ ಅವಳೂ ಇದೇ ಸಂಕಟದಲ್ಲಿ ಕುದಿಯುತ್ತಾಳೆ.

ಚಾಮರಾಜನಗರದ ಮನೆಗೆ ತಲುಪಿದಾಗ ನಮ್ಮ ಅತ್ತೆ ಬಾಗಿಲು ತೆರೆದರು. ಒಳ್ಳೆಯ ಹೆಂಗಸು, ನನ್ನ ಸಭೆಗಳಿಗೆ ಹೋಗಬೇಡವೆಂದು ಒಮ್ಮೆಯೂ ಹೇಳಿದವರಲ್ಲ. ನನ್ನ ಕೈಯಿಂದ ಚೀಲವನ್ನು ಅವರೇ ಇಸಿದುಕೊಂಡು, ನಡುಮನೆಯಲ್ಲಿ ಹುರಿ ಬಿಚ್ಚಿ, ಒಂದು ಈರುಳ್ಳಿಯನ್ನು ದೀಪದ ಬೆಳಕಿಗೆ ಹಿಡಿದರು.

"ಗೆಡ್ಡೆ ಚೆನ್ನಾಗವೆ," ಎಂದರು. "ನಿಮ್ಮಪ್ಪ ಕೈ ಬಿಗಿ ಮಾಡೋರಲ್ಲ. ನಾನು ಯಾವಾಗ್ಲೂ ಎಲ್ಲರ್ಗೂ ಹೇಳ್ತೀನಿ."

ಆ ಮಾತಿನಲ್ಲಿ ಕೇಡಿರಲಿಲ್ಲ. ಆದರೂ ಅಪ್ಪ ಜಗಲಿಯ ಮೇಲೆ ಕುಳಿತು ಮಾಡಿದ ವಾದದಲ್ಲಿ ಅವರಿಗೆ ಬೇಕಾಗಿದ್ದ ಸಾಕ್ಷ್ಯ ಅದೇ ಆಗಿತ್ತು. ಚೀಲ ಬಾರದಿದ್ದರೆ ಅತ್ತೆ ಎಲ್ಲರಿಗೂ ಏನು ಹೇಳುತ್ತಿದ್ದರೋ ನನಗೆ ತಿಳಿಯದು. ತಿಳಿದುಕೊಳ್ಳುವ ಧೈರ್ಯ ಅಪ್ಪನಿಗಿಲ್ಲ. ನಿಜ ಹೇಳಬೇಕೆಂದರೆ ಆ ಕ್ಷಣದಲ್ಲಿ ನನಗೂ ಇರಲಿಲ್ಲ.

ಅಪ್ಪನನ್ನು ಬದಲಿಸಲು ಹೊರಟ ನಾನು ತಪ್ಪು ಮನೆಯಲ್ಲಿ ವಾದ ಹೂಡಿದ್ದೆ ಎಂದು ಈಗ ಅನ್ನಿಸುತ್ತದೆ. ತಂದೆಯರು ಮಗಳ ಉಡುಗೊರೆಯನ್ನು ಸುಮ್ಮನೆ ಇಟ್ಟುಕೊಳ್ಳಬೇಕಾದರೆ, ಅದಕ್ಕೆ ಮೊದಲು ಇನ್ನೊಂದು ಮನೆಯವರು ಒಂದು ಅಭ್ಯಾಸವನ್ನು ಬಿಡಬೇಕು. ಆದ್ದರಿಂದ ಸೊಸೆಯಿರುವ ಮನೆಗಳ ಓದುಗರಲ್ಲಿ ನನ್ನ ಕೋರಿಕೆ ಇದು. ಮುಂದಿನ ಸಲ ಆಕೆ ತವರಿನಿಂದ ಬಂದಾಗ ಅವಳ ಚೀಲವನ್ನು ನೀವು ಬಿಚ್ಚಬೇಡಿ, ಏನು ಬಂತೆಂದು ಕೇಳಬೇಡಿ. ಅವಳ ತಂದೆ ಹೇಗಿದ್ದಾರೆಂದು ಕೇಳಿ. ಮತ್ತು ಅವರಿಗೆ ಒಂದು ಫೋನ್ ಮಾಡಿ, ಇನ್ನು ಮುಂದೆ ನಿಮ್ಮ ಮಗಳನ್ನು ಬರಿಗೈಯಲ್ಲಿ ಕಳಿಸಿದರೂ ನಮಗೇನೂ ಅನ್ನಿಸುವುದಿಲ್ಲ ಎಂದು ನೀವೇ ಹೇಳಿ.